ವಿಜ್ಞಾನ ಸಂಘದ ಅಧ್ಯಕ್ಷರು ಕುರ್ಚಿಯಲ್ಲಿ ಕೂತು ಮಾಡೋದೇನು?

[ಪರದೆ: ಹಳೆಯ ಲಂಡನ್‌ನ ಸಭಾಂಗಣದ ಚಿತ್ರ]

1859ರ ಮೇ ತಿಂಗಳು. ಲಂಡನ್‌ನ ಜೀವಿಗಳ ಅಧ್ಯಯನದ ಸಂಘವಾದ ಲಿನಿಯನ್ ಸೊಸೈಟಿಯ ವಾರ್ಷಿಕ ಸಭೆ. ಅಧ್ಯಕ್ಷ ಥಾಮಸ್ ಬೆಲ್ ಎದ್ದು ನಿಂತು ಹಿಂದಿನ ವರ್ಷದ ಲೆಕ್ಕ ಒಪ್ಪಿಸುತ್ತಾರೆ. ಆ ವರ್ಷದಲ್ಲಿ ವಿಜ್ಞಾನವನ್ನೇ ಬದಲಿಸುವಂಥ ದೊಡ್ಡ ಶೋಧ ಯಾವುದೂ ಆಗಲಿಲ್ಲ ಎನ್ನುವುದು ಅವರ ಮಾತಿನ ಸಾರ.

ಆಗಿತ್ತು. 1858ರ ಜುಲೈ 1ರಂದು ಇದೇ ಸೊಸೈಟಿಯಲ್ಲಿ ಡಾರ್ವಿನ್ ಮತ್ತು ವಾಲೇಸ್ ಅವರ ಪ್ರಬಂಧಗಳನ್ನು ಓದಲಾಗಿತ್ತು. ಜೀವವಿಕಾಸಕ್ಕೆ ನೈಸರ್ಗಿಕ ಆಯ್ಕೆಯೇ ದಾರಿ ಅನ್ನುವ ವಿಚಾರ ಮೊದಲು ಹೊರಬಿದ್ದ ಸಭೆ ಅದು. ಅವತ್ತು ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದವರು? ಇದೇ ಬೆಲ್.

ಪಾಪ, ನಕ್ಕುಬಿಡೋದು ಸುಲಭ. ಆದರೆ ವರ್ಷಕ್ಕೊಮ್ಮೆ ಎದ್ದು ನಿಂತು, ನಮ್ಮ ಕ್ಷೇತ್ರ ಎಲ್ಲಿಗೆ ಬಂತು ಅಂತ ಹೇಳೋದು ಅವರ ಕರ್ತವ್ಯವಾಗಿತ್ತು. ಇಂದಿಗೂ ಹಲವು ಸಂಘಗಳಲ್ಲಿ ಈ ಅಧ್ಯಕ್ಷ ಭಾಷಣ ಇದೆ. ಬೇರೆಯವರ ತಲೆಗೆ ಕಟ್ಟಲಾಗದ ಕೆಲಸ ಅದು.

[ಪರದೆ: ಮೇಜಿನ ಸುತ್ತ ಕುರ್ಚಿಗಳು]

ಉಳಿದ ಬಹುಪಾಲನ್ನು ಬೇರೆಯವರೇ ಮಾಡುತ್ತಾರೆ. ದುಡ್ಡು ಖಜಾಂಚಿಯದ್ದು. ಪತ್ರ, ನಡಾವಳಿ ಕಾರ್ಯದರ್ಶಿಯದ್ದು. ದಿನನಿತ್ಯದ ಆಡಳಿತಕ್ಕೆ ಸಂಬಳದ ಸಿಬ್ಬಂದಿ ಇರುತ್ತಾರೆ. ಅಧ್ಯಕ್ಷರ ಪಾಲಿಗೆ ಬರುವುದು ಮಂಡಳಿಯ ಸಭೆ ನಡೆಸುವುದು. ಯಾರಿಗೆ ಮಾತು ಕೊಡಬೇಕು, ಮಾತು ನಿಲ್ಲಿಸದ ಹಿರಿಯರನ್ನು ಬೇಸರವಾಗದಂತೆ ಹೇಗೆ ಕೂರಿಸಬೇಕು, ಚರ್ಚೆ ಎಲ್ಲಿ ಮುಗಿಸಿ ತೀರ್ಮಾನಕ್ಕೆ ಬರಬೇಕು ಅನ್ನೋದೆಲ್ಲ ಅವರ ತಲೆನೋವು. ಮತ ಸಮಸಮ ಬಂದರೆ ನಿರ್ಣಾಯಕ ಮತ ಸಾಮಾನ್ಯವಾಗಿ ಅವರದ್ದು. ಅದು ಬಿಟ್ಟರೆ ಅವರದ್ದೂ ಒಂದೇ ಮತ!

ಹಾಗಾದರೆ ಆ ಹೆಸರಿಗೆ ತೂಕ ಎಲ್ಲಿಂದ?

[ಪರದೆ: ಪ್ರಿನ್ಸಿಪಿಯಾ ಗ್ರಂಥದ ಮುಖಪುಟ]

ಚಲನೆ, ಗುರುತ್ವದ ನಿಯಮಗಳನ್ನು ಹೇಳಿದ ನ್ಯೂಟನ್ನರ ಪ್ರಿನ್ಸಿಪಿಯಾ ಗ್ರಂಥದ ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಇನ್ನೊಂದು ಹೆಸರಿದೆ ನೋಡಿ: ಎಸ್. ಪೀಪ್ಸ್, ಲಂಡನ್ನಿನ ವಿಜ್ಞಾನ ಸಂಘ ರಾಯಲ್ ಸೊಸೈಟಿಯ ಅಧ್ಯಕ್ಷ. ಸ್ಯಾಮ್ಯುಯೆಲ್ ಪೀಪ್ಸ್ ನೌಕಾಪಡೆಯ ಆಡಳಿತಗಾರ, ವಿಜ್ಞಾನಿಯಲ್ಲ. ಮುದ್ರಣಕ್ಕೆ ಅವರು ಕೊಟ್ಟ ಒಪ್ಪಿಗೆ 1686ರ ಜುಲೈ 5ರದ್ದು. ಗಣಿತ ಅವರಿಗೆ ಅರ್ಥವಾಗಿರಬೇಕು ಅಂತೇನಿರಲಿಲ್ಲ. ಇದರ ಹಿಂದೆ ಸಂಘ ನಿಂತಿದೆ ಅಂತ ಆ ಹೆಸರು ಹೇಳಿದರೆ ಸಾಕಿತ್ತು. ಅಂದಹಾಗೆ, ಹೆಸರು ಸಂಘದ್ದಾದರೂ ಖರ್ಚು ಖಗೋಳಜ್ಞ ಎಡ್ಮಂಡ್ ಹ್ಯಾಲಿಯದ್ದು. ಮೀನುಗಳ ಕುರಿತ ದುಬಾರಿ ಪುಸ್ತಕವೊಂದನ್ನು ಅಚ್ಚು ಹಾಕಿಸಿ ಸಂಘ ಕೈ ಖಾಲಿ ಮಾಡಿಕೊಂಡಿತ್ತು.

ಅದೇ ನ್ಯೂಟನ್ 1703ರಲ್ಲಿ ತಾವೇ ಅಧ್ಯಕ್ಷರಾದರು, 1727ರಲ್ಲಿ ಸಾಯುವವರೆಗೂ ಇದ್ದರು. ಕಲನಶಾಸ್ತ್ರ (ಕ್ಯಾಲ್ಕುಲಸ್) ಮೊದಲು ಕಂಡುಹಿಡಿದವರು ಯಾರು ಅಂತ ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ ಜೊತೆ ಜಗಳವಿತ್ತಲ್ಲ, ಲೈಬ್ನಿಟ್ಸ್ ಸೊಸೈಟಿಗೇ ದೂರು ಕೊಟ್ಟರು. 1712ರಲ್ಲಿ ಸಮಿತಿ ಕೂತಿತು, ವರದಿ ನ್ಯೂಟನ್ ಪರವಾಗಿ ಬಂತು. ಆ ವರದಿಯ ಬಹುಭಾಗ ಬರೆದವರು ಸ್ವತಃ ನ್ಯೂಟನ್. ಅಷ್ಟು ಸಾಲದೆಂಬಂತೆ, ಆಮೇಲೆ ಹೆಸರು ಹಾಕದೆ ಆ ವರದಿಯ ವಿಮರ್ಶೆಯನ್ನೂ ಸಂಘದ ಪತ್ರಿಕೆಯಲ್ಲಿ ತಾವೇ ಬರೆದರು. ವಾದಿ, ನ್ಯಾಯಾಧೀಶ, ವರದಿಗಾರ ಎಲ್ಲ ಒಬ್ಬರೇ!

ಈಗಿನ ಅಧ್ಯಕ್ಷರ ಮುಖ್ಯ ಕರ್ತವ್ಯ ಇಲ್ಲೇ ಇದೆ ಅಂತ ನನಗನಿಸುತ್ತೆ: ತಾನು ಬೇರೆ, ಸಂಘ ಬೇರೆ ಅಂತ ಇಟ್ಟುಕೊಳ್ಳೋದು. ಹೊಸ ಫೆಲೋಗಳ, ಅಂದರೆ ಸಂಘ ಆರಿಸುವ ಸದಸ್ಯರ, ಆಯ್ಕೆಪಟ್ಟಿಯಲ್ಲಿ ತಮ್ಮದೇ ಶಿಷ್ಯರ ಹೆಸರು ಬಂತೋ, ಹಳೆಯ ಎದುರಾಳಿಯದ್ದು ಬಂತೋ, ಆ ಹೊತ್ತಿಗೆ ಕುರ್ಚಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ಪ್ರಶಸ್ತಿಯ ವಿಷಯದಲ್ಲೂ ಹಾಗೇ.

ಹೊರಗೆ ಇದು ಇನ್ನೂ ಕಷ್ಟ. ಪತ್ರಕರ್ತರು ಮೈಕ್ ಹಿಡಿದಾಗ ಬಾಯಿಂದ ಬಂದದ್ದು ಸ್ವಂತ ಅಭಿಪ್ರಾಯವೋ, ಸಂಘದ್ದೋ? ಕೇಳುವವರಿಗೆ ಎರಡೂ ಒಂದೇ. 2016ರಲ್ಲಿ ಯುರೋಪಿಯನ್ ಒಕ್ಕೂಟ ಬಿಡಲು ಬ್ರಿಟನ್ ಮತ ಹಾಕಿದಾಗ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದವರು ವೆಂಕಿ ರಾಮಕೃಷ್ಣನ್. ಸಂಶೋಧಕರ ಓಡಾಟ, ಅನುದಾನ ಏನಾಗುತ್ತೆ ಅಂತ ಸರ್ಕಾರದ ಮುಂದೆ ವಿಜ್ಞಾನಿಗಳ ಪರ ಮಾತಾಡುವ ಹೊಣೆ ಅವರ ಹೆಗಲಿಗೆ ಬಿತ್ತು.

[ಪರದೆ: ವರ್ಷಗಳ ಸಾಲು]

ಅವರ ಅವಧಿ 5 ವರ್ಷ, 2015ರಿಂದ 2020. ಹಿಂದೆ ಹೀಗಿರಲಿಲ್ಲ. ಅದೇ ಸೊಸೈಟಿಯಲ್ಲಿ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ 1778ರಲ್ಲಿ ಕೂತವರು 1820ರಲ್ಲಿ ತೀರಿಕೊಂಡ ವರ್ಷದವರೆಗೂ ಏಳಲಿಲ್ಲ. ನಮ್ಮ ಸಿ.ವಿ. ರಾಮನ್ 1934ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿ, 1970ರಲ್ಲಿ ನಿಧನರಾಗುವ ತನಕ ಅದರ ಅಧ್ಯಕ್ಷರಾಗಿದ್ದರು. ಆಮೇಲೆ ಅಲ್ಲಿ 3 ವರ್ಷದ ಸರದಿ ಬಂತು. ಕಟ್ಟಿದವರು ದೀರ್ಘಕಾಲ ಇದ್ದರೆ ಸಂಘಕ್ಕೆ ಗಟ್ಟಿತನ ಬರುತ್ತೆ, ನಿಜ. ಆದರೆ ಅವರನ್ನು ಎದುರಿಸಿ ಮಾತಾಡುವವರು ಉಳಿಯೋದಿಲ್ಲ.

[ಪರದೆ: ತೆರೆದಿಟ್ಟ ದಪ್ಪ ಪುಸ್ತಕ, ಪಕ್ಕದಲ್ಲಿ ಲೇಖನಿ]

ರಾಯಲ್ ಸೊಸೈಟಿಗೆ ಆಯ್ಕೆಯಾದವರು ಬಂದು ಈ ಸನ್ನದು ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಅಧ್ಯಕ್ಷರು ಅವರ ಕೈಹಿಡಿದು, ಸಂಘದ ಹೆಸರಿನಲ್ಲಿ ಒಳಗೆ ಬರಮಾಡಿಕೊಳ್ಳುತ್ತಾರೆ. ತಮ್ಮ ಹೆಸರಿನಲ್ಲಲ್ಲ. ಅಧ್ಯಕ್ಷರ ಸಹಿಯೂ ಅದೇ ಪುಸ್ತಕದ ಹಿಂದಿನ ಯಾವುದೋ ಪುಟದಲ್ಲಿದೆ, ಬರಿಯ ಫೆಲೋ ಆಗಿ ಬಂದ ದಿನದ್ದು.