ಮೊದಲ ಏರ್‌ಸಾಫ್ಟ್ ಗನ್ ಕೊಳ್ಳುವ ಮುಂಚೆ

ಕೇಳುಗರಿಗೆ ನಮಸ್ಕಾರ.

ಏರ್‌ಸಾಫ್ಟ್ ಅಂದರೆ ಪ್ಲಾಸ್ಟಿಕ್ ಗುಂಡಿನ ಆಟದ ಗನ್ ಹಿಡಿದು ಒಬ್ಬರಿಗೊಬ್ಬರು ಗುರಿಯಿಟ್ಟು ಆಡುವ ಆಟ. ಅದನ್ನು ಮೊಬೈಲಿನಲ್ಲಿ ನೋಡಿ ಆಸೆಪಡುವ ಮಕ್ಕಳು ಕಾಸರಗೋಡಿನ ಕುಂಬಳೆ, ಬದಿಯಡ್ಕದ ಕಡೆಯೂ ಇದ್ದಾರೆ. ಗಲ್ಫಿನಲ್ಲಿರುವ ಮಾವನಿಗೆ ಫೋನ್ ಮಾಡಿ, "ಬರುವಾಗ ಒಂದು ಗನ್ ತನ್ನಿ ಮಾವ" ಅಂದುಬಿಡುತ್ತಾರೆ. ದಯವಿಟ್ಟು ಹಾಗೆ ತರಿಸಬೇಡಿ. ನೋಡಲು ಅದು ಥೇಟ್ ನಿಜವಾದ ಬಂದೂಕು. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಹಿಡಿದರೆ ಕಷ್ಟ ಮಾವನಿಗೆ. ಇಲ್ಲೇ ಕೊಳ್ಳುವುದಾದರೂ ಮೊದಲು ಠಾಣೆಯಲ್ಲಿ ನಿಯಮ ಕೇಳಿಕೊಳ್ಳಿ, ಅಂಗಡಿಯಿಂದ ರಶೀದಿ ಪಡೆಯಿರಿ.

ಈ ಆಟ ಹುಟ್ಟಿದ್ದು 1970ರ ದಶಕದ ಜಪಾನಿನಲ್ಲಿ. ಅಲ್ಲಿ ಜನಸಾಮಾನ್ಯರು ಬಂದೂಕು ಇಟ್ಟುಕೊಳ್ಳುವುದಕ್ಕೆ ಬಿಗಿ ಕಾನೂನು. ಹಾಗಾಗಿ 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಗನ್ ಬಂತು. ಈ ಗುಂಡಿಗೆ ಬಿಬಿ ಎನ್ನುತ್ತಾರೆ.

ಪ್ಲಾಸ್ಟಿಕ್ ಅಲ್ವಾ, ಏನಾಗುತ್ತದೆ ಎಂದು ಸುಮ್ನೆ ಇರಬೇಡಿ. 0.20 ಗ್ರಾಂ ತೂಕದ ಬಿಬಿ ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ 1 ಜೌಲ್. ಬಟ್ಟೆಯ ಮೇಲೆ ಬಿದ್ದರೆ ಚುರುಕ್ ಎನ್ನುತ್ತದೆ, ಅಷ್ಟೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಅದಕ್ಕೇ ನಾನು ಹೇಳುವುದು, ಮೊದಲು ಕನ್ನಡಕ ಕೊಳ್ಳಿ, ಗನ್ ಆಮೇಲೆ. ಓದುವ ಕನ್ನಡಕ, ತಂಪು ಕನ್ನಡಕ ಸಾಲದು. ಪೆಟ್ಟು ತಡೆಯುವಂತೆ ಮಾಡಿದ, ಬದಿಗಳನ್ನೂ ಮುಚ್ಚುವ ರಕ್ಷಣಾ ಕನ್ನಡಕವೇ ಬೇಕು. ನೋಡುತ್ತಾ ನಿಂತವರಿಗೂ ಬೇಕು. ಇದಕ್ಕೆ ದುಡ್ಡಿಲ್ಲದಿದ್ದರೆ ಗನ್ ಕೊಳ್ಳುವುದನ್ನು ಮುಂದಕ್ಕೆ ಹಾಕಿ.

ಇನ್ನು ಗನ್. ಸ್ಪ್ರಿಂಗ್, ಬ್ಯಾಟರಿ, ಗ್ಯಾಸ್ ಹೀಗೆ ಮೂರು ಬಗೆ. ಹೊಸಬರಿಗೆ ಸ್ಪ್ರಿಂಗ್ ಗನ್ನೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಪ್ರತಿ ಗುಂಡಿಗೂ ಸ್ಪ್ರಿಂಗನ್ನು ಕೈಯಲ್ಲಿ ಎಳೆಯಬೇಕು. ಆ ಎಳೆತವೇ ಅವಸರಕ್ಕೆ ಕಡಿವಾಣ. ಗುರಿ ಹಿಡಿಯುವುದನ್ನು ಕಲಿಸುತ್ತದೆ. ಬ್ಯಾಟರಿಯದ್ದು ಸರಸರ ಹಾರಿಸುತ್ತದೆ, ಆದರೆ ಮೋಟರು, ಗೇರು, ಚಾರ್ಜರಿನ ಖರ್ಚು ಜಾಸ್ತಿ. ಗ್ಯಾಸಿನದ್ದಕ್ಕೆ ನಮ್ಮ ಏಪ್ರಿಲ್ ಬಿಸಿಲು ಆಗಿಬರುವುದಿಲ್ಲ. ಸೆಕೆ ಏರಿದಂತೆ ಗ್ಯಾಸಿನ ಒತ್ತಡ ಏರುತ್ತದೆ, ಗುಂಡಿನ ವೇಗವೂ ಏರುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಗ್ಯಾಸ್ ಡಬ್ಬಿ ಬಿಡಲೇಬಾರದು.

ಅಂಗಡಿಯಲ್ಲಿ ಚಂದ ನೋಡಿ ಮರುಳಾಗಬೇಡಿ. ಹೆಗಲಿಗೆ ಕೊಟ್ಟು ಸ್ವಲ್ಪ ಹೊತ್ತು ಹಿಡಿದು ನೋಡಿ. ತೋಳು ನಡುಗಿದರೆ ಅದು ನಿಮಗಲ್ಲ. ಹಾಪ್‌ಅಪ್ ಹೆಚ್ಚು ಕಡಿಮೆ ಮಾಡಲು ಬರುತ್ತದೆಯೇ ಎಂದು ಕೇಳಿ. ಅದು ಹಾರುವ ಬಿಬಿ ಹಿಮ್ಮುಖವಾಗಿ ಗಿರಗಿರ ಸುತ್ತುವಂತೆ ಮಾಡಿ ದೂರ ತೇಲಿಸುವ ಚಿಕ್ಕ ರಬ್ಬರು.

ಅಂಗಳದಲ್ಲಿ ಅಭ್ಯಾಸ ಮಾಡುವಾಗ ಮುರಕಲ್ಲಿನ ಗೋಡೆಗೆ ನೇರ ಹೊಡೆಯಬೇಡಿ, ಬಿಬಿ ತಿರುಗಿ ಬರುತ್ತದೆ. ಹಳೆಯ ಕಂಬಳಿಯನ್ನು ಸಡಿಲವಾಗಿ ಇಳಿಬಿಟ್ಟು ಅದರ ಮುಂದೆ ಗುರಿ ಕಟ್ಟಿ. ನೆಲಕ್ಕೆ ಬಿದ್ದ ಬಿಬಿಯನ್ನು ಹೆಕ್ಕಿ ಮತ್ತೆ ತುಂಬಬೇಡಿ. ಅಂಟಿದ ಕೆಂಪು ಮಣ್ಣು ನಳಿಗೆಯನ್ನು ಗೀರುತ್ತದೆ, ಗುಂಡು ಸಿಕ್ಕಿಕೊಳ್ಳುತ್ತದೆ. ಆಟ ಮುಗಿದ ಮೇಲೆ ಬಿದ್ದ ಬಿಬಿಗಳನ್ನೆಲ್ಲ ಗುಡಿಸಿ ತೆಗೆಯಿರಿ. ಕೋಳಿ, ದನ ಓಡಾಡುವ ಜಾಗ. ಗನ್ನನ್ನು ಕೈಯಲ್ಲಿ ಹಿಡಿದು ರಸ್ತೆಗೆ ಇಳಿಯಬೇಡಿ, ಮುಚ್ಚಿದ ಚೀಲದಲ್ಲೇ ಒಯ್ಯಿರಿ.

ನಮಸ್ಕಾರ.