ಅಪಘಾತದ ಗಾಯ ಎಷ್ಟು ತೀವ್ರ? ಅಳೆಯುವುದು ಹೇಗೆ?

[ಪರದೆಯ ಮೇಲೆ: ಗಾಯದ ಪ್ರಮಾಣಪತ್ರದ ಖಾಲಿ ನಮೂನೆ]

ನಮಸ್ಕಾರ. ರಸ್ತೆ ಅಪಘಾತದ ಪ್ರಕರಣ ದಾಖಲಾದಾಗ ಆಸ್ಪತ್ರೆಯಿಂದ ಪೊಲೀಸರಿಗೆ ಹೋಗುವ ಗಾಯದ ಪ್ರಮಾಣಪತ್ರದಲ್ಲಿ, ಗಾಯವು ಸಾಮಾನ್ಯ ಸ್ವರೂಪದ್ದೋ ತೀವ್ರ ಸ್ವರೂಪದ್ದೋ ಎಂಬುದನ್ನು ವೈದ್ಯರು ನಮೂದಿಸುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನ ಪ್ರಕಾರ ಮೂಳೆ ಅಥವಾ ಹಲ್ಲು ಮುರಿದರೆ ಅದು ತೀವ್ರ ಗಾಯ. ಪ್ರಾಣಕ್ಕೆ ಅಪಾಯ ತರುವ ಗಾಯವೂ ಅದೇ ಪಟ್ಟಿಯಲ್ಲಿದೆ. ಹೀಗಾಗಿ ಹಲ್ಲೊಂದು ಮುರಿದವರೂ, ಯಕೃತ್ತು ಸೀಳಿ ಹೊಟ್ಟೆಯೊಳಗೆ ರಕ್ತ ತುಂಬಿಕೊಂಡವರೂ ಕಾಗದದ ಮೇಲೆ ಒಂದೇ ಸಾಲಿಗೆ ಸೇರುತ್ತಾರೆ. ಮೊಕದ್ದಮೆ ನಡೆಸಲು ಇಷ್ಟು ಸಾಕಾಗಬಹುದು. ಆದರೆ ಯಾವ ರಸ್ತೆಯಲ್ಲಿ ಜನರಿಗೆ ಎಂಥ ಪೆಟ್ಟು ಬೀಳುತ್ತಿದೆ ಎಂಬುದನ್ನು ಅರಿಯಲು ಇದು ಏನೇನೂ ಸಾಲದು ಎಂದೇ ನಾನು ಭಾವಿಸುತ್ತೇನೆ.

ವೈದ್ಯಲೋಕದ ಅಳತೆಗೋಲು ಇದಕ್ಕಿಂತ ಸೂಕ್ಷ್ಮವಾದದ್ದು. 1971ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಎಐಎಸ್ (ಅಬ್ರಿವಿಯೇಟೆಡ್ ಇಂಜುರಿ ಸ್ಕೇಲ್) ಮಾಪಕವು ಪ್ರತಿಯೊಂದು ಗಾಯಕ್ಕೂ 1ರಿಂದ 6ರವರೆಗೆ ಅಂಕ ಕೊಡುತ್ತದೆ. ತರಚು ಗಾಯಕ್ಕೆ 1, ತೊಡೆಮೂಳೆ ಮುರಿತಕ್ಕೆ 3. ಬದುಕಿಸುವುದು ಬಹುತೇಕ ಅಸಾಧ್ಯವಾದ ಗಾಯಕ್ಕೆ 6.

[ಪರದೆಯ ಮೇಲೆ: 16 + 9 + 4 = 29]

ಆದರೆ ಅಪಘಾತಕ್ಕೆ ಸಿಕ್ಕಿದವರಿಗೆ ಒಂದೇ ಗಾಯವಾಗಿರುವುದು ಅಪರೂಪ. ಅದಕ್ಕಾಗಿ ಅಮೆರಿಕದ ಸಂಶೋಧಕಿ ಸೂಸನ್ ಬೇಕರ್ ಮತ್ತು ಸಂಗಡಿಗರು 1974ರಲ್ಲಿ ಐಎಸ್‌ಎಸ್ (ಇಂಜುರಿ ಸಿವಿಯಾರಿಟಿ ಸ್ಕೋರ್) ಎಂಬ ಲೆಕ್ಕವನ್ನು ರೂಪಿಸಿದರು. ದೇಹವನ್ನು ಆರು ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗದಿಂದ ಅತಿ ಹೆಚ್ಚಿನ ಒಂದು ಅಂಕವನ್ನಷ್ಟೇ ತೆಗೆದುಕೊಂಡು, ಅತಿ ಹೆಚ್ಚು ಪೆಟ್ಟಾದ ಮೂರು ಭಾಗಗಳ ಅಂಕಗಳನ್ನು ವರ್ಗ ಮಾಡಿ, ಅಂದರೆ ಅಂಕವನ್ನು ಅದರಿಂದಲೇ ಗುಣಿಸಿ, ಕೂಡಿಸಬೇಕು. ಬೈಕ್ ಸವಾರರೊಬ್ಬರ ಎದೆಗೆ 4, ಕಾಲಿಗೆ 3, ಹೊಟ್ಟೆಗೆ 2 ಅಂಕದ ಗಾಯವಾಗಿದ್ದರೆ ಮೊತ್ತ 29. ವರ್ಗ ಮಾಡುವುದೇಕೆಂದರೆ, ಅಂಕ ಒಂದೊಂದೇ ಏರಿದರೂ ಸಾವಿನ ಸಂಭವ ಅದೇ ಹದದಲ್ಲಿ ಏರದೆ, ಮೇಲೆ ಹೋದಂತೆಲ್ಲ ಕಡಿದಾಗಿ ಏರುತ್ತದೆ. ಮೊತ್ತ 15ನ್ನು ದಾಟಿದರೆ ಸಾಮಾನ್ಯವಾಗಿ ಅದನ್ನು ಭಾರಿ ಆಘಾತವೆಂದು ಎಣಿಸುತ್ತಾರೆ. ಗರಿಷ್ಠ ಮೊತ್ತ 75.

ಈ ಲೆಕ್ಕಕ್ಕೂ ಒಂದು ಕುರುಡು ಮೂಲೆಯಿದೆ. ಎರಡೂ ತೊಡೆಮೂಳೆ ಮುರಿದರೂ ಕೈಕಾಲು ಒಂದೇ ಭಾಗವಾದ್ದರಿಂದ ಐಎಸ್‌ಎಸ್ ಕೇವಲ 9 ಎನ್ನುತ್ತದೆ. 1997ರಲ್ಲಿ ಬಂದ ಪರಿಷ್ಕೃತ ವಿಧಾನವು ದೇಹದ ಭಾಗವನ್ನು ನೋಡದೆ ಅತಿ ತೀವ್ರವಾದ ಮೂರು ಗಾಯಗಳನ್ನು ಎಣಿಸುವುದರಿಂದ ಅದರಲ್ಲಿ ಮೊತ್ತ 18 ಆಗುತ್ತದೆ.

ಇವೆಲ್ಲವೂ ಮುಖ್ಯವಾಗಿ ಪ್ರಾಣಕ್ಕಿರುವ ಅಪಾಯವನ್ನು ಅಳೆಯುತ್ತವೆ. ಬದುಕುಳಿದವರ ದುಡಿಮೆಗೆ ಬಿದ್ದ ಪೆಟ್ಟನ್ನು ಅಳೆಯುವುದು ಬೇರೆಯೇ ಕೆಲಸ. ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಉದಾಹರಣೆಯೊಂದಿಗೆ ಬಿಡಿಸಿ ಹೇಳಿದೆ: ಎಡಗೈ ಕಳೆದುಕೊಂಡವರು ಚಾಲಕರೋ ಬಡಗಿಯೋ ಆಗಿದ್ದರೆ ಅವರ ಗಳಿಕೆಯ ಸಾಮರ್ಥ್ಯ ಪೂರ್ತಿಯಾಗಿಯೇ ಹೋಗಬಹುದು, ಸರ್ಕಾರಿ ಕಚೇರಿಯ ಗುಮಾಸ್ತರಾಗಿದ್ದರೆ ಕೆಲಸ ಉಳಿಯಬಹುದು.