ಹಳೆಯ ಮೋಟೋಕ್ರಾಸ್ ಬೈಕ್ ಸಿಕ್ಕಿದರೆ ಬಣ್ಣ ಹೊಡಿಸಬೇಡಿ

ಕೇಳುಗರಿಗೆಲ್ಲ ನಮಸ್ಕಾರ.

ಬಳ್ಳಾರಿಯ ಕೌಲ್ ಬಜಾರ್ ಕಡೆ ನನ್ನದೊಂದು ಮೆಕ್ಯಾನಿಕ್ ಶೆಡ್ ಇದೆ. ಹಳೆಯ ಟೂ-ಸ್ಟ್ರೋಕ್ ಗಾಡಿ, ಅಂದರೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಗಾಡಿ ಬಿಟ್ಟು ಬೇರೆ ಗಾಡಿ ನಾನು ಮುಟ್ಟುವುದಿಲ್ಲ. ಅಪರೂಪದ ಹಳೆಯ ಮೋಟೋಕ್ರಾಸ್ ಬೈಕ್ ಸಿಕ್ಕರೆ ಅದನ್ನು ಹೇಗೆ ಉಳಿಸಿಕೊಳ್ಳಬೇಕು ಅಂತ ಹೇಳಲು ರೇಡಿಯೋ ಕೇಂದ್ರದವರು ಕರೆದಿದ್ದಾರೆ. ನನ್ನ ಉತ್ತರ ಬಹಳ ಸಣ್ಣದು. ಬಣ್ಣ ಹೊಡಿಸಬೇಡಿ. ಇದಿಷ್ಟನ್ನೇ ಕೇಳಿಸಿಕೊಂಡು ರೇಡಿಯೋ ಆರಿಸಿದರೂ ನನಗೆ ಬೇಜಾರಿಲ್ಲ.

ನಾನು ಮಾತಾಡುತ್ತಿರುವುದು ದೊಡ್ಡ ಶೋರೂಮಿನವರ ಜೊತೆ ಅಲ್ಲ. ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆ ರೈಸ್ ಮಿಲ್ ಇಟ್ಟುಕೊಂಡವರು, ಹತ್ತಿ ಗೋಡೌನ್ ಇರುವವರು, ದನದ ಕೊಟ್ಟಿಗೆಯ ಮೂಲೆಯಲ್ಲಿ ಅಪ್ಪನದೋ ಚಿಕ್ಕಪ್ಪನದೋ ಒಂದು ಗಾಡಿ ಬಿದ್ದಿರುವವರು, ನೀವು ಕೇಳಬೇಕು. ಮನೆಯ ಹೆಣ್ಣುಮಕ್ಕಳೂ ಕೇಳಬೇಕು. ಗಾಡಿ ಎಲ್ಲಿದೆ, ಅದರ ಬೀಗದ ಕೈ ಎಲ್ಲಿದೆ, ಕಾಗದ ಯಾವ ಟ್ರಂಕಿನಲ್ಲಿದೆ ಅಂತ ಸಾಮಾನ್ಯವಾಗಿ ಗೊತ್ತಿರುವುದು ನಿಮಗೇ.

ಮೋಟೋಕ್ರಾಸ್ ಅಂದರೆ ಮಣ್ಣಿನ ಮೇಲೆ ನಡೆಯುವ ಬೈಕ್ ರೇಸ್. ಟಾರು ರಸ್ತೆ ಇರುವುದಿಲ್ಲ. ದಿಬ್ಬ, ಹಳ್ಳ, ಕೆಸರು, ಜಿಗಿತ. ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಸುತ್ತಬೇಕು. ಇದು ಶುರುವಾಗಿದ್ದು ಇಂಗ್ಲೆಂಡಿನಲ್ಲಿ, 1924ರಲ್ಲಿ, ಕ್ಯಾಂಬರ್ಲಿ ಎಂಬ ಊರಿನ ಹತ್ತಿರ. 1957ರಲ್ಲಿ 500 ಸಿಸಿ ಗಾಡಿಗಳಿಗೆ ವಿಶ್ವ ಚಾಂಪಿಯನ್‌ಷಿಪ್ ಬಂತು, 1962ರಲ್ಲಿ 250 ಸಿಸಿಗೂ ಬಂತು. ಆಮೇಲೆ ಜೆಕೊಸ್ಲೊವಾಕಿಯಾದ ಸಿಝಡ್ ಎಂಬ ಸಾದಾ ಟೂ-ಸ್ಟ್ರೋಕ್ ಗಾಡಿ ದೊಡ್ಡ ದೊಡ್ಡವರನ್ನೆಲ್ಲ ಹಿಂದಿಟ್ಟಿತು. ಬೆಲ್ಜಿಯಂನ ಜೋಯೆಲ್ ರಾಬರ್ಟ್ 1964, 1968, 1969ರಲ್ಲಿ ಅದರ ಮೇಲೆ ಕೂತು ಗೆದ್ದ. ಆಮೇಲೆ ಸುಜುಕಿಗೆ ಹೋಗಿ 1970ರಿಂದ 1972ರವರೆಗೆ ಇನ್ನೂ ಮೂರು ಸಲ ಗೆದ್ದ. ಅವನ ಬಗ್ಗೆ ಮಾತಾಡಲು ಬಿಟ್ಟರೆ ನಾನು ಸಂಜೆಯ ಸುದ್ದಿಯವರೆಗೂ ಮಾತಾಡುತ್ತೇನೆ, ಬೇಡ ಬಿಡಿ.

ನಮಗೂ ಅದಕ್ಕೂ ಏನು ಸಂಬಂಧ ಅಂತೀರಾ? ಅದೇ ಜೆಕ್ ದೇಶದ ಜಾವಾ ನಮ್ಮ ಮೈಸೂರಿಗೆ ಬಂತಲ್ವಾ! 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1978ರಲ್ಲಿ ಯೆಜ್ಡಿಯ ರೋಡ್‌ಕಿಂಗ್ ಎಂಬ ಗಾಡಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಕಾಲದಲ್ಲಿ ಹೊರದೇಶದ ರೇಸ್ ಬೈಕ್ ತರಿಸುವುದು ನಮ್ಮಂಥವರ ಕೈಗೆ ಎಟುಕುವ ಮಾತಲ್ಲ. ಹಾಗಾಗಿ ನಮ್ಮ ಹುಡುಗರು ಯೆಜ್ಡಿ, ರಾಜದೂತ್ ತಗೊಂಡು ತಾವೇ ಬಿಚ್ಚಿ, ತಾವೇ ಕೊಯ್ದು, ತಾವೇ ವೆಲ್ಡಿಂಗ್ ಮಾಡಿ ಮಣ್ಣಿನ ರೇಸಿಗೆ ಇಳಿಸಿದರು. ನಮ್ಮ ದೇಶದ ಹಳೆಯ ಮೋಟೋಕ್ರಾಸ್ ಬೈಕ್ ಅಂದರೆ ಹೆಚ್ಚಾಗಿ ಇವೇ. ಒಂದರಂತೆ ಇನ್ನೊಂದಿಲ್ಲ. ರೇಸಿನಲ್ಲಿ ಮುರಿದವು ಎಷ್ಟೋ, ಗುಜರಿಗೆ ಕೆಜಿ ಲೆಕ್ಕದಲ್ಲಿ ಹೋದವು ಎಷ್ಟೋ. ಉಳಿದಿರುವುದು ಬಹಳ ಕಡಿಮೆ.

ಗುರುತು ಹಿಡಿಯುವುದು ಸುಲಭ. ಹ್ಯಾಂಡಲ್ ಅಗಲವಾಗಿರುತ್ತದೆ, ನಡುವೆ ಅಡ್ಡ ಒಂದು ಕಂಬಿ ಇರುತ್ತದೆ. ಹೆಡ್‌ಲೈಟ್ ಇರುವುದಿಲ್ಲ. ಮಡ್‌ಗಾರ್ಡ್ ಚಕ್ರದಿಂದ ಮೇಲಕ್ಕೆದ್ದಿರುತ್ತದೆ. ಸೈಲೆನ್ಸರ್ ಕೆಳಗಿರದೆ ಸೀಟಿನ ಪಕ್ಕಕ್ಕೆ ಹತ್ತಿರುತ್ತದೆ. ಟೈರು ಬಟನ್ ಟೈರು, ಮೈಮೇಲೆ ಗುಂಡಿಯಂಥ ಉಬ್ಬು ಇರುವಂಥದ್ದು. ಹಿಂದಿನ ಚಕ್ರದ ಚೈನ್ ಸ್ಪ್ರಾಕೆಟ್ ಕಂಪನಿಯದಕ್ಕಿಂತ ದೊಡ್ಡದಿರುತ್ತದೆ, ಯಾಕಂದ್ರೆ ಇವರಿಗೆ ಬೇಕಿದ್ದದ್ದು ಓಟಕ್ಕಿಂತ ಎಳೆತ. ಇಷ್ಟರಲ್ಲಿ ಎರಡು ಮೂರು ಕಂಡರೂ ಸಾಕು, ಅಲ್ಲೇ ನಿಲ್ಲಿ. ನೀರು ಹಾಕಬೇಡಿ, ಕಿಕ್ ಹೊಡೆಯಬೇಡಿ, ಬಣ್ಣವನ್ನಂತೂ ಹೊಡಿಸಲೇಬೇಡಿ.

ಈಗ ಒಂದು ಸಂಗತಿ ಹೇಳುತ್ತೇನೆ. ಸಿರುಗುಪ್ಪದ ಹತ್ತಿರದ ಒಂದು ಹಳ್ಳಿ. ಭತ್ತ ಬೆಳೆಯುವ ಮನೆ. ದಸರಾ ಹತ್ತಿರ ಬಂದಿತ್ತು. ಆ ಮನೆಯ ಹುಡುಗ ಫೋನ್ ಮಾಡಿದ. "ಮೇಸ್ತ್ರಿ, ನಮ್ಮ ಚಿಕ್ಕಪ್ಪನ ಯೆಜ್ಡಿ ಇದೆ. ಆಯುಧಪೂಜೆಗೆ ರೆಡಿ ಆಗಬೇಕು. ಕೆಂಪು ಬಣ್ಣ ತಂದಿಟ್ಟೀನಿ. ಟ್ಯಾಂಕಿಗೆ ಬಂಗಾರದ ಗೆರೆ ಎಳೆಸಬೇಕು. ಎಷ್ಟಾಗುತ್ತೆ?" ನನ್ನ ಹತ್ತಿರ ಬರುವ ಫೋನೆಲ್ಲ ಹೀಗೇ ಶುರುವಾಗುತ್ತವೆ. ಒಂದೋ ಬಣ್ಣಕ್ಕೆ ಎಷ್ಟು ಅಂತಾರೆ, ಇಲ್ಲ ಮಾರಿದರೆ ಎಷ್ಟು ಬರುತ್ತೆ ಅಂತಾರೆ. ಗಾಡಿ ಹೇಗಿದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಹೋಗಿ ನೋಡಿದೆ. ಹೊಟ್ಟಿನ ಚೀಲಗಳ ಹಿಂದೆ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಹೆಡ್‌ಲೈಟ್ ಇಲ್ಲ. ಹುಡುಗನಿಗೆ ಅದು ಕಳುವಾಗಿದೆ ಅಂತ ನಂಬಿಕೆ. "ಹೊಸದು ತರಿಸೋಣ ಬಿಡ್ರಿ" ಅಂದ. ನನ್ನ ಕಣ್ಣು ಹ್ಯಾಂಡಲ್ಲಿನ ಅಡ್ಡಕಂಬಿಯ ಮೇಲಿತ್ತು. ಆಮೇಲೆ ಸೈಲೆನ್ಸರ್ ನೋಡಿದೆ. ಸೀಟಿನ ಪಕ್ಕಕ್ಕೆ ಹತ್ತಿದೆ, ತೊಡೆ ಸುಡದ ಹಾಗೆ ಅದರ ಮೇಲೆ ಒಂದು ತಗಡು ಬಿಗಿದಿದ್ದಾರೆ. ಎಣ್ಣೆ ಡಬ್ಬಿ ಕೊಯ್ದು ಮಾಡಿದ ತಗಡು. ನಾನು ನೆಲದ ಮೇಲೆ ಕೂತೇಬಿಟ್ಟೆ.

ಅಷ್ಟರಲ್ಲಿ ಅವರ ಚಿಕ್ಕಮ್ಮ ಚಹಾ ತಂದರು. ಗಾಡಿಯನ್ನು ನೋಡುತ್ತಾ ಹೇಳಿದರು, "ಆ ಟ್ಯಾಂಕಿನ ಎಡಗಡೆ ತಗ್ಗು ಐತಲ್ಲ, ಅದು ನಮ್ಮ ಮದುವೆಗೆ ವಾರ ಇದ್ದಾಗ ಬಿದ್ದದ್ದು. ಕೈಗೆ ಪಟ್ಟಿ ಕಟ್ಟಿಕೊಂಡೇ ತಾಳಿ ಕಟ್ಟಿದರು. ನಮ್ಮಪ್ಪ ಸಿಟ್ಟಾಗಿ ಊಟಕ್ಕೇ ಕೂಡಲಿಲ್ಲ." ಹುಡುಗ ಬಾಯಿ ಬಿಟ್ಟುಕೊಂಡು ನಿಂತ. ಅವನು ಆ ತಗ್ಗಿಗೇ ಪುಟ್ಟಿ ತುಂಬಿಸಬೇಕು ಅಂತ ಲೆಕ್ಕ ಹಾಕಿದ್ದ!

ಆಮೇಲೆ ಹ್ಯಾಂಡಲ್ಲಿನ ಕತ್ತಿನ ಹತ್ತಿರ ಧೂಳು ಒರೆಸಿದೆ. ಫ್ರೇಮಿಗೆ ಹಿತ್ತಾಳೆಯ ಬೆಸುಗೆ ಹಾಕಿದ್ದಾರೆ. ನೋಡಲು ಚೆನ್ನಾಗಿಲ್ಲ, ಗಂಟು ಗಂಟು. ಆದರೆ ಜಿಗಿದು ಜಿಗಿದು ಫ್ರೇಮ್ ಬಿರುಕು ಬಿಡುವುದು ಅದೇ ಜಾಗದಲ್ಲಿ. ರೇಸ್ ಓಡಿದ ಗಾಡಿ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ಪೇಂಟಿಂಗಿನವರು ಮಾಡುವ ಮೊದಲ ಕೆಲಸ ಅದನ್ನು ಗ್ರೈಂಡರ್ ಹಿಡಿದು ಉಜ್ಜುವುದು.

ಮುಂದೆ ನಂಬರ್ ಬರೆದ ತಗಡು ಇತ್ತು. ರೇಸಿನ ನಂಬರ್, ಆರ್‌ಟಿಒದ್ದಲ್ಲ. ಒದ್ದೆ ಹತ್ತಿ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದೆ. ಬಿಳಿ ಬಣ್ಣ ಅಂಚಿನಲ್ಲಿ ಚಕ್ಕೆ ಎದ್ದಿತ್ತು. ಅದರ ಕೆಳಗೆ ಹಳದಿ, ಹಳದಿಯ ಕೆಳಗೆ ಮತ್ತೆ ಬಿಳಿ. ಒಂದರ ಮೇಲೊಂದು ಮೂರು ನಂಬರ್. ಪ್ರತಿ ರೇಸಿಗೂ ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗಿದ್ದಾರೆ ಪುಣ್ಯಾತ್ಮ.

ಇಷ್ಟು ಹೊತ್ತಿಗೆ ಚಿಕ್ಕಮ್ಮ ಒಳಗೆ ಹೋಗಿ ಒಂದು ಲೆಕ್ಕದ ಪುಸ್ತಕ ತಂದರು. ಮುಂದಿನಿಂದ ಭತ್ತದ ಚೀಲದ ಲೆಕ್ಕ. ಹಿಂದಿನಿಂದ ತೆಗೆದರೆ ರೇಸಿನ ಲೆಕ್ಕ. ಯಾವ ಊರು, ಹಿಂದೆ ಎಷ್ಟು ಹಲ್ಲಿನ ಸ್ಪ್ರಾಕೆಟ್, ಕಾರ್ಬುರೇಟರಿಗೆ ಯಾವ ಜೆಟ್ (ಪೆಟ್ರೋಲ್ ಬಿಡುವ ಸಣ್ಣ ತೂತಿನ ಬಿರಡೆ), ಟೈರಿಗೆ ಎಷ್ಟು ಗಾಳಿ, ರೇಸಿನಲ್ಲಿ ಎಷ್ಟನೆಯವನು. ಪ್ರತಿ ಪುಟದ ಮೇಲೆ ಆ ದಿನದ ನಂಬರ್. ಅಂಚಿನಲ್ಲಿ ಕಂಡ ಮೂರೂ ನಂಬರ್ ಆ ಪುಸ್ತಕದಲ್ಲಿದ್ದವು. ನನಗೆ ಮೈ ಜುಮ್ ಅಂತು. ಹೊರದೇಶದಲ್ಲಿ ಇಂಥ ಗಾಡಿಗೆ ಇತಿಹಾಸ ಹುಡುಕಲು ಜನ ವರ್ಷಗಟ್ಟಲೆ ಅಲೆಯುತ್ತಾರೆ. ಇಲ್ಲಿ ಅದು ಭತ್ತದ ಲೆಕ್ಕದ ಹಿಂದೆ ಇತ್ತು.

ಹುಡುಗ ತಂದಿಟ್ಟಿದ್ದ ಕೆಂಪು ಬಣ್ಣ ಟ್ರ್ಯಾಕ್ಟರ್ ಟ್ರಾಲಿಗೆ ಹೋಯಿತು. ಟ್ರಾಲಿ ಬಹಳ ಚೆನ್ನಾಗಿ ಕಾಣುತ್ತದೆ. ಗಾಡಿಗೆ ಹಬ್ಬದ ದಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ಪೂಜೆ ಮಾಡಿದರು. ಅಷ್ಟು ಸಾಕು. ದೇವರು ಬಣ್ಣ ಕೇಳುವುದಿಲ್ಲ.

ಈಗ ಅರ್ಥವಾಯಿತಲ್ವಾ? ಹಳೆಯ ರೇಸ್ ಗಾಡಿಗೆ ಬಣ್ಣ ಹೊಡಿಸುವುದು ಅಂದರೆ ಶಾಸನದ ಕಲ್ಲಿಗೆ ಸುಣ್ಣ ಬಳಿದ ಹಾಗೆ. ತಗ್ಗು, ಗೀರು, ಬೆಸುಗೆ, ನಂಬರ್, ಎಲ್ಲ ಹೋಗುತ್ತವೆ. ಪೌಡರ್ ಕೋಟಿಂಗ್ ಮಾಡಿಸುತ್ತೇನೆ, ಬಫಿಂಗ್ ಮಾಡಿಸುತ್ತೇನೆ ಅಂತ ಬರುವವರಿಗೂ ನನ್ನದು ಇದೇ ಮಾತು. ಅದಕ್ಕೂ ಮೊದಲು ಮರಳು ಹೊಡೆದು ಉಜ್ಜುತ್ತಾರಲ್ಲ, ಆಗ ಚಾಸಿ ನಂಬರೇ ಸವೆದುಹೋಗಬಹುದು. ಆಮೇಲೆ ಅದು ಯಾರ ಗಾಡಿ ಅಂತ ಹೇಳುವುದು ಹೇಗೆ? ಮನೆಗೆ ಹೋದ ತಕ್ಷಣ ಎಂಜಿನ್ ನಂಬರ್, ಚಾಸಿ ನಂಬರ್ ಎರಡಕ್ಕೂ ಪೆನ್ಸಿಲ್ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಮೂಡುತ್ತದೆ. ಆರ್‌ಟಿಒದಲ್ಲೂ ಹೀಗೇ ಮಾಡುತ್ತಾರೆ.

ನನಗೆ ಕೊಟ್ಟ ಹೊತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಹಳ್ಳಿಯಲ್ಲೇ ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಎಂಜಿನ್ ಜಾಮ್ ಆಗಿದ್ದರೆ ಕಿಕ್ಕರ್ ಮೇಲೆ ನಿಂತು ತುಳಿಯಬೇಡಿ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಸ್ವಲ್ಪ ಡೀಸೆಲ್, ಸ್ವಲ್ಪ ಟೂಟಿ ಆಯಿಲ್, ಅಂದರೆ ಟೂ-ಸ್ಟ್ರೋಕ್ ಎಂಜಿನ್ ಆಯಿಲ್, ಬೆರೆಸಿ ಬಿಡಿ. ಹಲವು ದಿನ ಹಾಗೇ ಇರಲಿ. ಆಮೇಲೆ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ. ಬರಲಿಲ್ಲ ಅಂದ್ರೆ ಮತ್ತೆ ಎಣ್ಣೆ, ಮತ್ತೆ ಕಾಯುವುದು. ಸುತ್ತಿಗೆ ತಗೊಂಡವರಿಗೆ ಪಿಸ್ಟನ್ ಒಡೆದೇ ಸಿಗುತ್ತದೆ.

ಎಂಜಿನ್ ಜಾಮ್ ಬಿಟ್ಟ ಕೂಡಲೇ ಸ್ಟಾರ್ಟ್ ಮಾಡಬೇಡಿ. ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನ ಎರಡೂ ಕಡೆ ಆಯಿಲ್ ಸೀಲ್ ಅಂತ ರಬ್ಬರ್ ಬಳೆ ಇರುತ್ತದೆ. ನಮ್ಮ ಬಿಸಿಲಿಗೆ ರಬ್ಬರ್ ಒಣಗಿ ಕಲ್ಲಾಗಿರುತ್ತದೆ. ಅಲ್ಲಿಂದ ಗಾಳಿ ನುಗ್ಗಿದರೆ ಒಳಗೆ ಪೆಟ್ರೋಲ್ ಕಡಿಮೆಯಾಗಿ ಬಿಸಿ ಏರುತ್ತದೆ, ಪಿಸ್ಟನ್ ಮತ್ತೆ ಕಚ್ಚಿಕೊಳ್ಳುತ್ತದೆ. ಸೀಲ್ ಹೊಸದು ಹಾಕಿ. ಸೀಲ್, ಬೇರಿಂಗ್, ಟ್ಯೂಬ್, ಬ್ರೇಕ್ ಲೈನರ್, ಇವನ್ನೆಲ್ಲ ಬದಲಾಯಿಸಬಹುದು. ಬಿಚ್ಚಿದ ಹಳೆಯದನ್ನು ಡಬ್ಬಿಯಲ್ಲಿ ಹಾಕಿ ಚೀಟಿ ಅಂಟಿಸಿಡಿ. ಕಣ್ಣಿಗೆ ಕಾಣುವ ಮೈಯನ್ನು ಮಾತ್ರ ಮುಟ್ಟಬೇಡಿ.

ಒಣ ಹವೆ ನಮಗೆ ಒಂದು ಉಪಕಾರ ಮಾಡಿದೆ. ಮಂಗಳೂರು ಕಡೆ ಹೋಲಿಸಿದರೆ ಇಲ್ಲಿ ಕಬ್ಬಿಣಕ್ಕೆ ತುಕ್ಕು ಕಡಿಮೆ. ಆದರೆ ಸಂಡೂರು, ಹೊಸಪೇಟೆ ಕಡೆಯ ಅದಿರಿನ ಕೆಂಪು ಧೂಳು ಇದೆಯಲ್ಲ, ಅದು ಕೆಟ್ಟದ್ದು. ಚಿನ್ನಕ್ಕೆ ಹೊಳಪು ಕೊಡುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ, ಇದೂ ಅದೇ. ಬೇರಿಂಗ್ ಒಳಗೆ ಹೋದರೆ ಸವೆಸದೆ ಬಿಡುವುದಿಲ್ಲ. ಹಾಗಾಗಿ ಒಣ ಬಟ್ಟೆಯಲ್ಲಿ ಜೋರಾಗಿ ಉಜ್ಜಬೇಡಿ, ಬಣ್ಣಕ್ಕೂ ಗೀರು ಬೀಳುತ್ತದೆ. ಮೊದಲು ಮೆತ್ತನೆಯ ಬ್ರಷ್ಷಿನಲ್ಲಿ ಉದುರಿಸಿ. ಗ್ರೀಸ್ ಅಂಟಿದ ಕಡೆ ಸೀಮೆಎಣ್ಣೆ. ಕ್ರೋಮ್ ಮೇಲಿನ ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ ಮುದುಡಿ ನೀರಿನಲ್ಲಿ ಅದ್ದಿ ತಿಕ್ಕಿದರೆ ಸಾಕು. ಎಂಜಿನ್ ಭಾಗಗಳನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದುವವರ ಹತ್ತಿರ ಕೊಡಬೇಡಿ, ಅಲ್ಯೂಮಿನಿಯಂ ಅದರಲ್ಲಿ ಕರಗುತ್ತದೆ. ಜೆಟ್ ವಾಶ್ ಬೇಡವೇ ಬೇಡ.

ಟ್ಯಾಂಕ್ ಖಾಲಿ ಮಾಡಿ ಒಣಗಿಸಿಡಿ. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಹೊರದೇಶದ ಕೆಲವು ಹಳೆಯ ಮೋಟೋಕ್ರಾಸ್ ಗಾಡಿಗಳಿಗೆ ಫೈಬರ್ ಟ್ಯಾಂಕ್ ಇತ್ತು, ಅದನ್ನಂತೂ ಮೆತ್ತಗೆ ಮಾಡಿಬಿಡುತ್ತದೆ. ಓಡಿಸುವ ದಿನ ಬೇಕಾದಷ್ಟೇ ಹಾಕಿ. ಯೆಜ್ಡಿಗೆ ನಾನು ಲೀಟರಿಗೆ 40 ಮಿಲಿ ಆಯಿಲ್ ಬೆರೆಸುತ್ತೇನೆ. ಸೈಲೆನ್ಸರಿನ ಬಾಯಿಗೆ, ಕಾರ್ಬುರೇಟರಿನ ಬಾಯಿಗೆ ಬಟ್ಟೆ ತುರುಕಿ. ಇಲ್ಲದಿದ್ದರೆ ಕಡಜ ಮಣ್ಣಿನ ಗೂಡು ಕಟ್ಟುತ್ತದೆ. ಸೀಟಿಗೆ ಇಲಿ ಇದ್ದೇ ಇದೆ.

ಬಿಡಿಭಾಗ ಬೇಕಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ ಸುತ್ತಬೇಕು. ಪ್ರತಿ ವರ್ಷ ಜುಲೈ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಗಾಡಿಯವರು ಸೇರುತ್ತಾರೆ. ಅಲ್ಲಿಗೆ ಹೋದರೆ ಯಾವ ಭಾಗ ಯಾರ ಹತ್ತಿರ ಇದೆ ಅಂತ ಗೊತ್ತಾಗುತ್ತದೆ. ಅಲ್ಲಿ ಹೊಳೆಯುವ ಗಾಡಿ ನೋಡಿ ಬಂದು ಮನೆಯದಕ್ಕೂ ಬಣ್ಣ ಹೊಡಿಸುವ ಆಸೆ ಹುಟ್ಟುತ್ತದೆ. ಬೇಡ ಅಂದೆನಲ್ಲ.

ಕೊನೆಗೆ ಕಾಗದದ ವಿಷಯ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ತಂದಿತು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ ಸಿಗುತ್ತದೆ, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಫ್ರೇಮ್ ಕೊಯ್ದು ಮಾಡಿದ ರೇಸ್ ಗಾಡಿ ಅದಕ್ಕೆ ಬರುವುದಿಲ್ಲ. ಅದಕ್ಕೋಸ್ಕರ ಹೆಡ್‌ಲೈಟ್ ಕೂಡಿಸಿ, ಸೈಲೆನ್ಸರ್ ಇಳಿಸಿ ಮತ್ತೆ ರಸ್ತೆ ಗಾಡಿ ಮಾಡಲು ಹೊರಡಬೇಡಿ. ಅದು ಮನೆಯಲ್ಲಿ ಇರಲಿ, ನಿಮ್ಮ ಹೊಲದಲ್ಲಿ ಓಡಲಿ. ಆರ್‌ಸಿ ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇದ್ದರೆ ಮರಣ ಪ್ರಮಾಣಪತ್ರ ತಗೊಂಡು ಆರ್‌ಟಿಒಗೆ ಹೋಗಿ ಫಾರಂ 31 ಕೇಳಿ. ಅದು ವಾರಸುದಾರರ ಹೆಸರಿಗೆ ಬದಲಾಯಿಸುವ ಅರ್ಜಿ. ಜೊತೆಗೆ ಆ ಪೆನ್ಸಿಲ್ ಪ್ರಿಂಟನ್ನೂ ಒಯ್ಯಿರಿ. ನಮಸ್ಕಾರ.